ಒಂದು ಕಂಪ್ಯೂಟರಿನ ವಿಡಿಯೊ ಇನ್ನೊಂದರಲ್ಲಿ ಏಕೆ ತೆರೆಯುವುದಿಲ್ಲ: ಪರಿವರ್ತನೆಗೆ ಮುನ್ನ ತಿಳಿಯಬೇಕಾದ್ದು

ಮೊಬೈಲ್‌ನಲ್ಲಿ ಚಿತ್ರೀಕರಿಸಿದ ಒಂದು ನಿಮಿಷದ ವಿಡಿಯೊವನ್ನು ಹಳೆಯ ಲ್ಯಾಪ್‌ಟಾಪಿಗೆ ವರ್ಗಾಯಿಸಿ ತೆರೆದರೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಅದೇ ಕಡತ ಮೊಬೈಲ್‌ನಲ್ಲಿ ಯಾವ ತೊಡಕೂ ಇಲ್ಲದೆ ಓಡುತ್ತದೆ, ಪಕ್ಕದ ಮೇಜಿನ ಹೊಸ ಕಂಪ್ಯೂಟರಿನಲ್ಲೂ ಓಡುತ್ತದೆ. ಹಾಗಾದರೆ ಕಡತ ಕೆಟ್ಟಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ. ಇಂತಹ ಹೊತ್ತಿನಲ್ಲಿ ಹೆಚ್ಚಿನವರು ಕಡತದ ಹೆಸರಿನ ಕೊನೆಯ ಮೂರಕ್ಷರವನ್ನು ಬದಲಾಯಿಸಿ ನೋಡುತ್ತಾರೆ, ಇಲ್ಲವೇ ಕೈಗೆ ಸಿಕ್ಕ ಯಾವುದೋ ಪರಿವರ್ತಕ ತಂತ್ರಾಂಶಕ್ಕೆ ಕಡತವನ್ನು ಒಪ್ಪಿಸಿ ಅದು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಮೊದಲನೆಯದರಿಂದ ಏನೂ ಆಗುವುದಿಲ್ಲ. ಎರಡನೆಯದರಿಂದ ಕೆಲವೊಮ್ಮೆ ಕೆಲಸವಾಗುತ್ತದೆ, ಆದರೆ ಆ ಕೆಲಸದ ನಡುವೆ ಚಿತ್ರದ ಗುಣಮಟ್ಟದಲ್ಲಿ ಎಷ್ಟು ಕಳೆದುಹೋಯಿತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಪರಿವರ್ತನೆಗೆ ಕೈಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಡತದೊಳಗಿನ ಯಾವ ಭಾಗ ಈ ಕಂಪ್ಯೂಟರಿಗೆ ಅರ್ಥವಾಗುತ್ತಿಲ್ಲ? ಅದು ಗೊತ್ತಾದರೆ ಆ ಭಾಗವೊಂದನ್ನೇ ಬದಲಾಯಿಸಿ, ಉಳಿದದ್ದನ್ನು ಇದ್ದ ಹಾಗೆಯೇ ಬಿಡಬಹುದು.

ಪೆಟ್ಟಿಗೆ ಬೇರೆ, ಸರಕು ಬೇರೆ

ವಿಡಿಯೊ ಕಡತ ಎಂದು ನಾವು ಕರೆಯುವುದು ವಾಸ್ತವದಲ್ಲಿ ಒಂದು ಪೆಟ್ಟಿಗೆ. ತಂತ್ರಜ್ಞರು ಅದನ್ನು ಕಂಟೇನರ್ ಎನ್ನುತ್ತಾರೆ. ಎಂಪಿ4, ಎಂಒವಿ, ಎಂಕೆವಿ, ಎವಿಐ, ವೆಬ್‌ಎಂ ಇವೆಲ್ಲವೂ ಪೆಟ್ಟಿಗೆಯ ಹೆಸರುಗಳು. ಪೆಟ್ಟಿಗೆಯೊಳಗೆ ಚಿತ್ರದ ಒಂದು ಧಾರೆ, ಧ್ವನಿಯ ಒಂದೋ ಎರಡೋ ಧಾರೆ, ಕೆಲವೊಮ್ಮೆ ಅಡಿಬರಹದ ಧಾರೆ ಇರುತ್ತವೆ. ಯಾವ ಚಿತ್ರವನ್ನು ಯಾವ ಕ್ಷಣಕ್ಕೆ ತೋರಿಸಬೇಕು, ಆ ಕ್ಷಣದಲ್ಲಿ ಯಾವ ಧ್ವನಿ ಹೊರಡಬೇಕು ಎಂಬ ಸಮಯದ ಲೆಕ್ಕವೂ, ಯಾವ ತುಣುಕು ಕಡತದ ಎಷ್ಟನೇ ಬೈಟ್‌ನಲ್ಲಿ ಸಿಗುತ್ತದೆ ಎಂಬ ಅನುಕ್ರಮಣಿಕೆಯೂ ಜೊತೆಗಿರುತ್ತವೆ. ಒಳಗಿನ ಚಿತ್ರವನ್ನೂ ಧ್ವನಿಯನ್ನೂ ಯಾವ ವಿಧಾನದಿಂದ ಅಡಕಗೊಳಿಸಲಾಗಿದೆ ಎಂಬುದು ಇನ್ನೊಂದೇ ವಿಷಯ. ಆ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಎಚ್.264, ಎಚ್‌ಇವಿಸಿ, ವಿಪಿ9, ಎವಿ1 ಚಿತ್ರದ ಕೋಡೆಕ್‌ಗಳು. ಎಎಸಿ, ಎಂಪಿ3, ಎಸಿ-3, ಓಪಸ್ ಧ್ವನಿಯ ಕೋಡೆಕ್‌ಗಳು. ‘ನನ್ನ ಬಳಿ ಇರುವುದು ಎಂಪಿ4 ಕಡತ’ ಎಂದು ಹೇಳುವುದು ‘ನನ್ನ ಬಳಿ ರಟ್ಟಿನ ಪೆಟ್ಟಿಗೆ ಇದೆ’ ಎಂದಂತೆ. ಒಳಗೆ ಏನಿದೆ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ.

ಈ ಪೆಟ್ಟಿಗೆಗಳ ನಡುವೆ ನೆಂಟಸ್ತಿಕೆಯೂ ಉಂಟು. ಆಪಲ್ 1991ರಲ್ಲಿ ಕ್ವಿಕ್‌ಟೈಮ್ ಜೊತೆಗೆ ಎಂಒವಿಯನ್ನು ತಂದಿತು. ಮರುವರ್ಷ ಮೈಕ್ರೊಸಾಫ್ಟ್ ಎವಿಐಯನ್ನು ತಂದಿತು. ಮುಂದೆ ಎಂಪಿ4 ಮಾನಕವನ್ನು ರೂಪಿಸಿದವರು ಕ್ವಿಕ್‌ಟೈಮ್‌ನ ರಚನೆಯನ್ನೇ ಅಡಿಪಾಯವಾಗಿ ಇಟ್ಟುಕೊಂಡರು. ಹಾಗಾಗಿ ಎಂಒವಿ ಮತ್ತು ಎಂಪಿ4 ಒಂದೇ ಮನೆತನದವು, ಒಂದರಿಂದ ಇನ್ನೊಂದಕ್ಕೆ ಸರಕನ್ನು ಸಾಗಿಸುವುದು ಸಾಮಾನ್ಯವಾಗಿ ಸುಲಭ. 2002ರಲ್ಲಿ ಆರಂಭವಾದ ಮಟ್ರೋಸ್ಕ ಯೋಜನೆಯ ಎಂಕೆವಿ ಬೇರೆ ಜಾತಿಯದು. ಅದು ಹೆಚ್ಚುಕಡಿಮೆ ಯಾವ ಕೋಡೆಕ್‌ನ ಧಾರೆಯನ್ನಾದರೂ ತನ್ನೊಳಗೆ ಇಟ್ಟುಕೊಳ್ಳುತ್ತದೆ, ಆದರೆ ಆ ಔದಾರ್ಯದ ಕಾರಣದಿಂದಲೇ ಅದನ್ನು ತೆರೆಯಲಾರದ ಯಂತ್ರಗಳ ಸಂಖ್ಯೆಯೂ ದೊಡ್ಡದು.

ಕಡತದ ಹೆಸರಿನ ಕೊನೆಯ ಅಕ್ಷರಗಳು ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿ ಮಾತ್ರ. ಚೀಟಿ ಬದಲಾಯಿಸಿದರೆ ಒಳಗಿನ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಅನೇಕ ತಂತ್ರಾಂಶಗಳು ಚೀಟಿಯನ್ನು ನಂಬದೆ ಕಡತದ ಮೊದಲ ಕೆಲವು ಬೈಟ್‌ಗಳನ್ನೇ ಓದಿ ಪೆಟ್ಟಿಗೆ ಯಾವುದೆಂದು ತಿಳಿದುಕೊಳ್ಳುತ್ತವೆ. ಉಳಿದವು ತಪ್ಪು ಚೀಟಿಯಿಂದ ದಾರಿ ತಪ್ಪುತ್ತವೆ. ಎರಡರಿಂದಲೂ ನಮಗೆ ಲಾಭವಿಲ್ಲ.

ಅಡಕಗೊಳಿಸುವುದು ಏಕೆ, ಕಳೆದುಕೊಳ್ಳುವುದು ಏನು

ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಲಂಬಕ್ಕೆ 1080, ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ನ ಬಣ್ಣಕ್ಕೆ ಮೂರು ಬೈಟ್‌ನಂತೆ ಹಿಡಿದರೆ ಒಂದು ಚಿತ್ರಕ್ಕೆ 62,20,800 ಬೈಟ್ ಬೇಕು. ಸೆಕೆಂಡಿಗೆ 30 ಚಿತ್ರಗಳೆಂದರೆ ಒಂದು ನಿಮಿಷಕ್ಕೆ 11 ಗಿಗಾಬೈಟ್ ದಾಟುತ್ತದೆ. ಮೊಬೈಲ್ ಅದೇ ಒಂದು ನಿಮಿಷವನ್ನು ನೂರು ಮೆಗಾಬೈಟ್‌ನ ಆಸುಪಾಸಿನಲ್ಲಿ ಉಳಿಸುತ್ತದೆ. ನೂರು ಪಟ್ಟಿನ ಈ ಇಳಿಕೆ ಕೋಡೆಕ್‌ನ ಕೆಲಸ, ಮತ್ತು ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಪರಿವರ್ತನೆಯ ಎಲ್ಲ ನಷ್ಟಗಳ ಮೂಲವೂ ಅಲ್ಲೇ ಇದೆ.

ಕಿಟಕಿಯ ಪಕ್ಕ ಕುಳಿತು ಮಾತನಾಡುತ್ತಿರುವ ವ್ಯಕ್ತಿಯ ವಿಡಿಯೊವೊಂದನ್ನು ನೆನೆದುಕೊಳ್ಳಿ. ಗೋಡೆ ಕದಲುವುದಿಲ್ಲ, ಕುರ್ಚಿ ಕದಲುವುದಿಲ್ಲ. ತುಟಿ, ಕಣ್ಣು, ಕೈ ಮಾತ್ರ ಚಲಿಸುತ್ತವೆ. ಆದ್ದರಿಂದ ಕೋಡೆಕ್ ಒಂದು ಚಿತ್ರವನ್ನು ಮಾತ್ರ ಪೂರ್ತಿಯಾಗಿ ಬರೆದಿಟ್ಟುಕೊಂಡು, ಮುಂದಿನ ಹತ್ತಾರು ಚಿತ್ರಗಳಿಗೆ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತದೆ. ಚಿತ್ರವನ್ನು ಚಿಕ್ಕ ಚೌಕಗಳಾಗಿ ಒಡೆದು, ಈ ಚೌಕ ಹಿಂದಿನ ಚಿತ್ರದಲ್ಲಿ ಎರಡು ಪಿಕ್ಸೆಲ್ ಎಡಕ್ಕಿತ್ತು, ಅಲ್ಲಿಂದ ತೆಗೆದುಕೊ ಎಂದು ಸೂಚಿಸುತ್ತದೆ. ಎಚ್.264ರಲ್ಲಿ ಈ ಚೌಕದ ಮೂಲ ಅಳತೆ 16 ಪಿಕ್ಸೆಲ್, ಎಚ್‌ಇವಿಸಿಯಲ್ಲಿ 64ರವರೆಗೂ ಹೋಗಬಹುದು. ಎಚ್‌ಇವಿಸಿ ಕಡಿಮೆ ಜಾಗದಲ್ಲಿ ಅಷ್ಟೇ ಸ್ಪಷ್ಟತೆಯನ್ನು ಹಿಡಿದಿಡುವುದಕ್ಕೆ ಇದೂ ಒಂದು ಕಾರಣ. ಇದರ ಮೇಲೆ, ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಮನುಷ್ಯನ ಕಣ್ಣು ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ ಎಂಬುದನ್ನು ಬಳಸಿಕೊಂಡು, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಮಾತ್ರ ಇಟ್ಟುಕೊಳ್ಳಲಾಗುತ್ತದೆ. ತಾಂತ್ರಿಕ ವಿವರಗಳಲ್ಲಿ ಕಾಣುವ 4:2:0 ಎಂಬ ಅಂಕಿಗಳ ಅರ್ಥ ಇದೇ. ಕೊನೆಗೆ, ಪ್ರತಿ ಚೌಕದೊಳಗಿನ ಅತಿ ಸೂಕ್ಷ್ಮ ವಿವರಗಳಲ್ಲಿ ಕಣ್ಣಿಗೆ ಬೀಳದವನ್ನು ಕೈಬಿಡಲಾಗುತ್ತದೆ.

ಹೀಗೆ ಕೈಬಿಟ್ಟದ್ದು ಮರಳಿ ಬರುವುದಿಲ್ಲ. ಕೋಡೆಕ್ ಬದಲಾಯಿಸುವುದೆಂದರೆ ಕಡತವನ್ನು ಪೂರ್ತಿಯಾಗಿ ಬಿಡಿಸಿ ಚಿತ್ರಗಳನ್ನಾಗಿಸಿ, ಆ ಚಿತ್ರಗಳನ್ನು ಹೊಸದಾಗಿ ಅಡಕಗೊಳಿಸುವುದು. ಎರಡನೆಯ ಕೋಡೆಕ್ ತನ್ನ ಲೆಕ್ಕದಲ್ಲಿ ಇನ್ನಷ್ಟನ್ನು ಕೈಬಿಡುತ್ತದೆ. ಅಷ್ಟೇ ಅಲ್ಲ, ಮೊದಲ ಕೋಡೆಕ್ ಉಳಿಸಿಹೋದ ಚೌಕದ ಗುರುತುಗಳನ್ನು ಅದು ನಿಜವಾದ ವಿವರವೆಂದೇ ಭಾವಿಸಿ ಅವನ್ನು ಉಳಿಸಲು ಜಾಗ ವ್ಯಯಿಸುತ್ತದೆ. ಒಂದು ಸಲ ಮಾಡಿದಾಗ ವ್ಯತ್ಯಾಸ ಕಾಣದಿರಬಹುದು. ಪರಿವರ್ತಿಸಿದ್ದನ್ನೇ ಮತ್ತೆ ಪರಿವರ್ತಿಸುತ್ತ ಹೋದರೆ ಮುಖದ ಚರ್ಮ ಮೇಣದಂತೆ ನುಣುಪಾಗುತ್ತದೆ, ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ, ಕತ್ತಲೆಯ ಮೂಲೆಗಳಲ್ಲಿ ಚೌಕಗಳು ಕುಣಿಯುತ್ತವೆ.

ಯಾವ ಯಂತ್ರಕ್ಕೆ ಯಾವುದು ಬರುತ್ತದೆ

ಎಚ್.264 ಮಾನಕ ಪ್ರಕಟವಾದದ್ದು 2003ರಲ್ಲಿ. ಬಳಕೆಯಲ್ಲಿರುವ ಬಹುತೇಕ ಎಲ್ಲ ಕಂಪ್ಯೂಟರ್, ಮೊಬೈಲ್, ಟಿವಿ, ಬ್ರೌಸರ್‌ಗಳು ಅದನ್ನು ಬಿಡಿಸಬಲ್ಲವು. ಅದರ ಉತ್ತರಾಧಿಕಾರಿ ಎಚ್‌ಇವಿಸಿ, ಅಂದರೆ ಎಚ್.265, 2013ರಲ್ಲಿ ಬಂದಿತು. ಆದರೆ ಅದರ ಪೇಟೆಂಟ್‌ಗಳು ಒಂದಕ್ಕಿಂತ ಹೆಚ್ಚು ಗುಂಪುಗಳ ಕೈಯಲ್ಲಿರುವುದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ಪರವಾನಗಿ ಶುಲ್ಕ ಕೊಡಬೇಕಾಗಿ ಬಂದು, ತಂತ್ರಾಂಶ ತಯಾರಕರು ಹಿಂಜರಿದರು. ಆಪಲ್ 2017ರಲ್ಲಿ ಐಒಎಸ್ 11ರ ಜೊತೆ ತನ್ನ ಮೊಬೈಲ್‌ಗಳ ಚಿತ್ರೀಕರಣಕ್ಕೆ ಎಚ್‌ಇವಿಸಿಯನ್ನು ಅಳವಡಿಸಿಕೊಂಡಿತು. ವಿಂಡೋಸ್‌ನಲ್ಲಿ ಅದನ್ನು ಬಿಡಿಸುವ ಹೆಚ್ಚುವರಿ ತಂತ್ರಾಂಶವನ್ನು ಅನೇಕ ಕಂಪ್ಯೂಟರುಗಳಲ್ಲಿ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾಗುತ್ತದೆ. ಮೊದಲಿಗೆ ಹೇಳಿದ ಕಪ್ಪು ಪರದೆಯ ಕಾರಣ ಹೆಚ್ಚಿನ ಸಲ ಇದೇ: ಧ್ವನಿ ಎಎಸಿಯಲ್ಲಿರುವುದರಿಂದ ಕೇಳಿಸುತ್ತದೆ, ಚಿತ್ರ ಎಚ್‌ಇವಿಸಿಯಲ್ಲಿರುವುದರಿಂದ ಕಾಣಿಸುವುದಿಲ್ಲ. ಈ ಪೇಟೆಂಟ್ ತೊಡಕಿನಿಂದ ಹೊರಬರಲು ಗೂಗಲ್, ಮೈಕ್ರೊಸಾಫ್ಟ್, ಮೊಜಿಲ್ಲಾ, ಅಮೆಜಾನ್, ನೆಟ್‌ಫ್ಲಿಕ್ಸ್, ಇಂಟೆಲ್, ಸಿಸ್ಕೊ ಸೇರಿ 2015ರಲ್ಲಿ ಒಂದು ಒಕ್ಕೂಟ ಕಟ್ಟಿದವು. ಅದು 2018ರಲ್ಲಿ ಪ್ರಕಟಿಸಿದ ಎವಿ1 ಶುಲ್ಕಮುಕ್ತ. ಆದರೆ ಹಳೆಯ ಯಂತ್ರಗಳಿಗೆ ಅದು ಭಾರ.

ಭಾರ ಎಂಬ ಮಾತನ್ನು ಬಿಡಿಸಿ ಹೇಳಬೇಕು. ಕಡತ ತೆರೆಯದೇ ಇರುವುದು ಒಂದು ಸಮಸ್ಯೆ, ತೆರೆದರೂ ತಡವರಿಸುತ್ತ ಓಡುವುದು ಇನ್ನೊಂದು. ಕಂಪ್ಯೂಟರ್‌ಗಳಲ್ಲಿ ವಿಡಿಯೊ ಬಿಡಿಸುವುದಕ್ಕೆಂದೇ ಚಿಪ್‌ನ ಒಂದು ಭಾಗ ಮೀಸಲಾಗಿರುತ್ತದೆ. ಆ ಭಾಗಕ್ಕೆ ಬರುವ ಕೋಡೆಕ್ ಆದರೆ ಪ್ರೊಸೆಸರ್‌ಗೆ ಶ್ರಮವೇ ಇಲ್ಲ, ಬಾರದಿದ್ದರೆ ಎಲ್ಲ ಲೆಕ್ಕವನ್ನೂ ಪ್ರೊಸೆಸರ್ ತಾನೇ ಮಾಡಬೇಕು. ಇಂಟೆಲ್‌ನ ಆರನೇ ಪೀಳಿಗೆಯ ಚಿಪ್‌ಗಳು 8 ಬಿಟ್‌ನ, ಅಂದರೆ ಪಿಕ್ಸೆಲ್‌ನ ಪ್ರತಿ ಬಣ್ಣದ ಅಂಕಿಗೆ ಎಂಟು ಬಿಟ್ ಇಟ್ಟ, ಎಚ್‌ಇವಿಸಿಯನ್ನು ಹೀಗೆ ಬಿಡಿಸಬಲ್ಲವು, 10 ಬಿಟ್‌ನದಕ್ಕೆ ಏಳನೇ ಪೀಳಿಗೆ ಬೇಕು. ಎವಿ1ಗೆ 2020ರಲ್ಲಿ ಬಂದ ಹನ್ನೊಂದನೇ ಪೀಳಿಗೆಯವರೆಗೆ ಕಾಯಬೇಕಾಯಿತು. ಆಪಲ್‌ನ ಕಂಪ್ಯೂಟರ್‌ಗಳಲ್ಲಿ ಎವಿ1ಗೆ ಈ ನೆರವು ದೊರೆತದ್ದು 2023ರ ಎಂ3 ಚಿಪ್‌ನಿಂದ. ಆದ್ದರಿಂದ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ 4ಕೆ ವಿಡಿಯೊ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ, ಫ್ಯಾನ್ ಸದ್ದು ಮಾಡುತ್ತ ಓಡಿದರೆ ಅದಕ್ಕೆ ಕಾರಣ ತಂತ್ರಾಂಶದ ಕೊರತೆಯಲ್ಲ, ಹೊಸ ಪ್ಲೇಯರ್ ಹಾಕಿಕೊಂಡರೆ ಅದು ವಾಸಿಯಾಗುವುದೂ ಇಲ್ಲ.

ತೆರೆಯದೇ ಇರುವ ಸಮಸ್ಯೆಗೆ ಮಾತ್ರ ಪರಿವರ್ತನೆಯ ಅಗತ್ಯವೇ ಇಲ್ಲದ ಪರಿಹಾರವೊಂದು ಉಂಟು. ಪ್ಯಾರಿಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯಿಂದ ಬೆಳೆದ ವಿಎಲ್‌ಸಿ ಪ್ಲೇಯರ್ ತನಗೆ ಬೇಕಾದ ಕೋಡೆಕ್‌ಗಳನ್ನೆಲ್ಲ ತಾನೇ ಹೊತ್ತು ತರುತ್ತದೆ, ಕಂಪ್ಯೂಟರಿನಲ್ಲಿ ಏನಿದೆ ಏನಿಲ್ಲ ಎಂದು ಕೇಳುವುದಿಲ್ಲ. ವಿಡಿಯೊ ನೋಡಬೇಕಾದವರು ನೀವೇ ಆಗಿದ್ದು, ಯಂತ್ರವೂ ನಿಮ್ಮದೇ ಆಗಿದ್ದರೆ, ಅದನ್ನು ಸ್ಥಾಪಿಸಿಕೊಂಡು ಕೆಲಸ ಮುಗಿಸಬಹುದು. ಆದರೆ ಕಡತವನ್ನು ಹಲವರಿಗೆ ಕಳಿಸಬೇಕಾದಾಗ, ಬೇರೆಯವರ ಯಂತ್ರದಲ್ಲಿ ಪ್ರೊಜೆಕ್ಟರ್ ಮೂಲಕ ತೋರಿಸಬೇಕಾದಾಗ, ಸಂಪಾದನೆಯ ತಂತ್ರಾಂಶಕ್ಕೆ ಕೊಡಬೇಕಾದಾಗ ಪರಿವರ್ತನೆ ಅನಿವಾರ್ಯ.

ಪೆಟ್ಟಿಗೆ ತೆರೆದು ನೋಡುವ ಬಗೆ

ಒಳಗೇನಿದೆ ಎಂದು ತಿಳಿಯಲು ಮೀಡಿಯಾಇನ್ಫೊ ಎಂಬ ಚಿಕ್ಕ ಉಚಿತ ತಂತ್ರಾಂಶ ಸಾಕು. ವಿಎಲ್‌ಸಿಯಲ್ಲೂ ಟೂಲ್ಸ್ ಪಟ್ಟಿಯಲ್ಲಿ ಕೋಡೆಕ್ ಮಾಹಿತಿ ಎಂಬ ಆಯ್ಕೆ ಇದೆ. ಲೇಖನದ ಮೊದಲಲ್ಲಿ ಹೇಳಿದಂತಹ ಮೊಬೈಲ್ ಕಡತವನ್ನು ಮೀಡಿಯಾಇನ್ಫೊದಲ್ಲಿ ತೆರೆದರೆ ಹೀಗೆ ಕಾಣುತ್ತದೆ. ಕಂಟೇನರ್: ಕ್ವಿಕ್‌ಟೈಮ್. ಚಿತ್ರ: ಎಚ್‌ಇವಿಸಿ, ಪ್ರೊಫೈಲ್ ಮೇನ್ 10, 1920×1080, ತಿರುಗುವಿಕೆ 90 ಡಿಗ್ರಿ, ಫ್ರೇಮ್‌ರೇಟ್ ಅಸ್ಥಿರ, ಬಣ್ಣ 4:2:0, ಆಳ 10 ಬಿಟ್, ಬೆಳಕಿನ ವಿಧಾನ ಎಚ್‌ಎಲ್‌ಜಿ. ಧ್ವನಿ: ಎಎಸಿ, ಎರಡು ಚಾನೆಲ್. ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುವ ಈ ಪಟ್ಟಿಯಲ್ಲಿ ಪ್ರತಿ ಪದವೂ ಒಂದೊಂದು ಪ್ರಶ್ನೆಗೆ ಉತ್ತರ. ಧ್ವನಿಯನ್ನು ಮುಟ್ಟುವ ಅಗತ್ಯವಿಲ್ಲ. ಪೆಟ್ಟಿಗೆಯನ್ನು ಮಾತ್ರ ಬದಲಾಯಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ತೊಡಕಿರುವುದು ಕೋಡೆಕ್‌ನಲ್ಲಿ. 10 ಬಿಟ್‌ನಿಂದ 8 ಬಿಟ್‌ಗೆ ಇಳಿಸಬೇಕಾಗುತ್ತದೆ, ಇಳಿಸುವಾಗ ಎಚ್‌ಎಲ್‌ಜಿ ಸೂಚಿಸುವ ಎಚ್‌ಡಿಆರ್, ಅಂದರೆ ಹೆಚ್ಚು ವ್ಯಾಪ್ತಿಯ, ಬೆಳಕನ್ನು ಸಾಮಾನ್ಯ ಬೆಳಕಿಗೆ ಹೊಂದಿಸಬೇಕಾಗುತ್ತದೆ. ಫ್ರೇಮ್‌ರೇಟ್, ಅಂದರೆ ಸೆಕೆಂಡಿನ ಚಿತ್ರಗಳ ಸಂಖ್ಯೆ, ಅಸ್ಥಿರವಾಗಿರುವುದರಿಂದ ಸಂಪಾದನೆಗೆ ಕೊಡುವುದಾದರೆ ಅದನ್ನೂ ಸ್ಥಿರಗೊಳಿಸಬೇಕು. ಏನು ಮಾಡಬೇಕೆಂಬ ಯೋಜನೆ ಇಷ್ಟರಲ್ಲೇ ಸಿದ್ಧವಾಯಿತು.

ಪೆಟ್ಟಿಗೆ ಮಾತ್ರ ಬದಲಾಯಿಸುವುದು

ಇದಕ್ಕಿಂತ ಸರಳವಾದ ಪ್ರಕರಣಗಳೇ ಹೆಚ್ಚು. ಎಂಕೆವಿ ಕಡತವೊಂದು ತೆರೆಯುತ್ತಿಲ್ಲ. ಒಳಗೆ ನೋಡಿದರೆ ಚಿತ್ರ ಎಚ್.264ರಲ್ಲಿದೆ, ಧ್ವನಿ ಎಎಸಿಯಲ್ಲಿದೆ. ಎರಡೂ ಎಲ್ಲ ಯಂತ್ರಗಳಿಗೂ ಗೊತ್ತಿರುವಂಥವು. ಗೊತ್ತಿಲ್ಲದಿರುವುದು ಪೆಟ್ಟಿಗೆ ಮಾತ್ರ. ಆಗ ಎರಡು ಧಾರೆಗಳನ್ನೂ ಇದ್ದಂತೆಯೇ ಎತ್ತಿ ಎಂಪಿ4 ಪೆಟ್ಟಿಗೆಯಲ್ಲಿ ಇಟ್ಟರಾಯಿತು. ಇದಕ್ಕೆ ರೀಮಕ್ಸ್ ಎನ್ನುತ್ತಾರೆ. ಫಾಬ್ರಿಸ್ ಬೆಲಾರ್ ಅವರು 2000ದಲ್ಲಿ ಆರಂಭಿಸಿದ, ಇಂದು ಅಸಂಖ್ಯ ವಿಡಿಯೊ ತಂತ್ರಾಂಶಗಳ ಒಳಗೆ ಕೆಲಸ ಮಾಡುತ್ತಿರುವ ಎಫ್‌ಎಫ್‌ಎಂಪೆಗ್‌ನಲ್ಲಿ ಇದು ಒಂದು ಸಾಲಿನ ಆದೇಶ: ಮೂಲ ಕಡತದ ಹೆಸರು, ಕೋಡೆಕ್‌ನ ಜಾಗದಲ್ಲಿ ‘ಕಾಪಿ’ ಎಂಬ ಪದ, ಹೊಸ ಕಡತದ ಹೆಸರು. ಬಿಡಿಸುವುದೂ ಇಲ್ಲ, ಮತ್ತೆ ಅಡಕಗೊಳಿಸುವುದೂ ಇಲ್ಲವಾದ್ದರಿಂದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಡಿಸ್ಕ್‌ನಿಂದ ಡಿಸ್ಕ್‌ಗೆ ನಕಲು ಮಾಡಲು ಎಷ್ಟು ಹೊತ್ತು ಬೇಕೋ ಅಷ್ಟರಲ್ಲಿ, ಎರಡು ಗಂಟೆಯ ವಿಡಿಯೊ ಆದರೂ ನಿಮಿಷದೊಳಗೆ, ಕೆಲಸ ಮುಗಿಯುತ್ತದೆ. ಇದೇ ಕಡತವನ್ನು ಸಾಮಾನ್ಯ ಪರಿವರ್ತಕಕ್ಕೆ ಕೊಟ್ಟರೆ ಅದು ಗಂಟೆಗಟ್ಟಲೆ ದುಡಿದು, ಮೊದಲಿಗಿಂತ ಕಳಪೆಯಾದ ಅದೇ ಎಚ್.264 ಚಿತ್ರವನ್ನು ಹಿಂತಿರುಗಿಸುತ್ತದೆ. ಹೀಗೆ ವ್ಯರ್ಥವಾಗಿ ಹಾಳಾಗುವ ಕಡತಗಳು ಎಷ್ಟೋ ಇವೆ ಎಂಬುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಸಣ್ಣ ತೊಡಕುಗಳು ಇಲ್ಲಿಯೂ ಉಂಟು. ಎಂಕೆವಿಯಲ್ಲಿರುವ ಎಲ್ಲ ಬಗೆಯ ಅಡಿಬರಹಗಳನ್ನು ಎಂಪಿ4 ಒಪ್ಪಿಕೊಳ್ಳುವುದಿಲ್ಲ, ಸರಳ ಪಠ್ಯದ ಅಡಿಬರಹವನ್ನು ಎಂಪಿ4ನ ಸ್ವಂತ ಸ್ವರೂಪಕ್ಕೆ ಬದಲಾಯಿಸಿಕೊಳ್ಳಬೇಕು ಅಥವಾ ಪ್ರತ್ಯೇಕ ಕಡತವಾಗಿ ಪಕ್ಕದಲ್ಲಿಡಬೇಕು. ಹಾಗೆ ಪಕ್ಕದಲ್ಲಿಡುವ ಪಠ್ಯ ಕಡತವನ್ನು ಯೂನಿಕೋಡ್‌ನ ಯುಟಿಎಫ್-8ರಲ್ಲಿ ಉಳಿಸದಿದ್ದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಇನ್ನೊಂದು ಅಂಶ ಎಚ್‌ಇವಿಸಿಗೆ ಸಂಬಂಧಿಸಿದ್ದು. ಎಂಪಿ4 ಪೆಟ್ಟಿಗೆಯಲ್ಲಿ ಎಚ್‌ಇವಿಸಿ ಧಾರೆಗೆ ಎರಡು ಬಗೆಯ ಗುರುತು ಹಾಕಬಹುದು: ಎಚ್‌ಇವಿ1 ಮತ್ತು ಎಚ್‌ವಿಸಿ1. ಎಫ್‌ಎಫ್‌ಎಂಪೆಗ್ ತಾನಾಗಿ ಮೊದಲನೆಯದನ್ನು ಹಾಕುತ್ತದೆ, ಆಪಲ್‌ನ ಪ್ಲೇಯರ್ ಎರಡನೆಯದನ್ನು ಮಾತ್ರ ಒಪ್ಪುತ್ತದೆ. ಒಳಗಿನ ಚಿತ್ರ ಸರಿಯಾಗಿಯೇ ಇದ್ದರೂ ಈ ನಾಲ್ಕಕ್ಷರದ ಗುರುತಿನಿಂದಾಗಿ ಕಡತ ತೆರೆಯದೇ ಇರುವುದನ್ನು ಕಂಡು ಜನ ಮತ್ತೆ ಪೂರ್ಣ ಪರಿವರ್ತನೆಗೆ ಇಳಿಯುತ್ತಾರೆ. ಆದೇಶದಲ್ಲಿ ಗುರುತಿನ ಹೆಸರನ್ನು ಸ್ಪಷ್ಟವಾಗಿ ಸೂಚಿಸಿದರೆ ಸಾಕು.

ಚಿತ್ರ ಕಾಣಿಸಿ ಧ್ವನಿ ಬಾರದಿದ್ದರೆ ತಪ್ಪು ಧ್ವನಿಯ ಕೋಡೆಕ್‌ನದು. ಡಿಸ್ಕ್‌ಗಳಿಂದ ಬಂದ ಕಡತಗಳ ಎಸಿ-3 ಅಥವಾ ಡಿಟಿಎಸ್ ಧ್ವನಿ ಹಲವು ಸಾಧನಗಳಿಗೆ ಬರುವುದಿಲ್ಲ. ಚಿತ್ರವನ್ನು ನಕಲು ಮಾಡಿ, ಧ್ವನಿಯನ್ನು ಮಾತ್ರ 192 ಕಿಲೊಬಿಟ್‌ನ ಎಎಸಿಗೆ ಬದಲಾಯಿಸಿದರೆ ಮುಗಿಯಿತು.

ಪೂರ್ಣ ಪರಿವರ್ತನೆ ಬೇಕಾದಾಗ

ಕೋಡೆಕ್ಕೇ ಬದಲಾಗಬೇಕಾದಾಗ ಗುರಿ ಏನಿರಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ: ಎಂಪಿ4 ಪೆಟ್ಟಿಗೆ, ಎಚ್.264 ಚಿತ್ರ, 8 ಬಿಟ್ ಆಳ, 4:2:0 ಬಣ್ಣ, ಎಎಸಿ ಧ್ವನಿ. ಹೊಸ ಕೋಡೆಕ್‌ಗಳು ಇದಕ್ಕಿಂತ ಚಿಕ್ಕ ಕಡತ ಕೊಡುತ್ತವೆ ಎಂಬುದು ನಿಜವೇ. ಆದರೆ ಇಲ್ಲಿ ನಮಗೆ ಬೇಕಾಗಿರುವುದು ಚಿಕ್ಕ ಕಡತವಲ್ಲ, ಎಲ್ಲಿ ಬೇಕಾದರೂ ತೆರೆಯುವ ಕಡತ. ಈ ಪಟ್ಟಿಯಲ್ಲಿ ಜನ ಮರೆಯುವುದು ಆಳ ಮತ್ತು ಬಣ್ಣದ ಅಂಶಗಳನ್ನು. ಎಚ್.264ರಲ್ಲೇ 10 ಬಿಟ್‌ನ, 4:2:2 ಬಣ್ಣದ ಕಡತಗಳನ್ನೂ ತಯಾರಿಸಬಹುದು, ವೃತ್ತಿಪರ ಕ್ಯಾಮೆರಾಗಳು ಅಂಥವನ್ನು ಕೊಡುತ್ತವೆ; ಹೆಸರು ಎಚ್.264 ಆಗಿದ್ದರೂ ಬಹುತೇಕ ಟಿವಿಗಳೂ ಬ್ರೌಸರ್‌ಗಳೂ ಅವನ್ನು ಬಿಡಿಸಲಾರವು. ‘ಎಚ್.264 ಆದರೂ ಓಡುತ್ತಿಲ್ಲವಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಆದೇಶಗಳ ಸಾಲು ಒಗ್ಗದವರಿಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸೂಕ್ತ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕೆಲಸ ಮಾಡುತ್ತದೆ. ಅದರಲ್ಲಿ ತೀರ್ಮಾನಿಸಬೇಕಾದ ಮುಖ್ಯ ಅಂಶ ಗುಣಮಟ್ಟದ ಅಂಕಿ. ಪ್ರತಿ ಸೆಕೆಂಡಿಗೆ ಇಷ್ಟೇ ಬಿಟ್ ಎಂದು ನಿಗದಿ ಮಾಡಿದರೆ ಸ್ತಬ್ಧ ದೃಶ್ಯಕ್ಕೆ ಬಿಟ್‌ಗಳು ಹೆಚ್ಚಾಗಿ, ಓಟದ ದೃಶ್ಯಕ್ಕೆ ಸಾಲದಾಗುತ್ತವೆ. ಅದರ ಬದಲು ಗುಣಮಟ್ಟವನ್ನು ನಿಗದಿ ಮಾಡಿ, ಬಿಟ್‌ಗಳ ಸಂಖ್ಯೆಯನ್ನು ತಂತ್ರಾಂಶಕ್ಕೇ ಬಿಡುವುದು ಉತ್ತಮ. ಎಚ್.264ನ್ನು ತಯಾರಿಸುವ ಎಕ್ಸ್264ರಲ್ಲಿ ಈ ಅಂಕಿ 0ಯಿಂದ 51ರವರೆಗೆ ಹೋಗುತ್ತದೆ. ಅಂಕಿ ಚಿಕ್ಕದಾದಷ್ಟೂ ಚಿತ್ರ ಉತ್ತಮ, ಕಡತ ದೊಡ್ಡದು. ತಾನಾಗಿ ಬರುವ ಅಂಕಿ 23. ಅಂಕಿಯನ್ನು ಆರರಷ್ಟು ಏರಿಸಿದರೆ ಕಡತ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆರರಷ್ಟು ಇಳಿಸಿದರೆ ಸುಮಾರು ಇಮ್ಮಡಿಯಾಗುತ್ತದೆ. ಉಳಿಸಿಕೊಳ್ಳಬೇಕಾದ ವಿಡಿಯೊಗೆ ನಾನು 18 ಅಥವಾ 19 ಇಡುತ್ತೇನೆ, ಕಳಿಸಿ ಮರೆಯುವಂಥದಕ್ಕೆ 23. ಎಕ್ಸ್265ರ ಅಂಕಿಗಳನ್ನು ಇದಕ್ಕೆ ಹೋಲಿಸಬಾರದು, ಅಲ್ಲಿ ತಾನಾಗಿ ಬರುವುದೇ 28.

ವೇಗದ ಆಯ್ಕೆ ಎಂಬುದು ಬೇರೆ. ನಿಧಾನದ ಆಯ್ಕೆಯಲ್ಲಿ ತಂತ್ರಾಂಶ ಹೆಚ್ಚು ಹುಡುಕಿ ಅದೇ ಗುಣಮಟ್ಟವನ್ನು ಚಿಕ್ಕ ಕಡತದಲ್ಲಿ ಕೂರಿಸುತ್ತದೆ. ಗ್ರಾಫಿಕ್ಸ್ ಚಿಪ್ ಬಳಸಿ ಪರಿವರ್ತಿಸುವ ಆಯ್ಕೆ ಬಹಳ ವೇಗದ್ದು, ಆದರೆ ಅದೇ ಗಾತ್ರದ ಕಡತದಲ್ಲಿ ಎಕ್ಸ್264 ಕೊಡುವಷ್ಟು ಸ್ಪಷ್ಟತೆ ಸಾಮಾನ್ಯವಾಗಿ ಅದರಿಂದ ಸಿಗುವುದಿಲ್ಲ. ರಾತ್ರಿ ಕಂಪ್ಯೂಟರ್ ಸುಮ್ಮನೆ ಇರುವುದಾದರೆ ನಿಧಾನದ ಆಯ್ಕೆಗೆ ಬಿಡುವುದೇ ಒಳ್ಳೆಯದು. ಕಡತ ಹೋಗುವುದು ದುರ್ಬಲ ಯಂತ್ರಕ್ಕೆ ಎಂದು ಗೊತ್ತಿದ್ದರೆ 4ಕೆಯನ್ನು 1080ಕ್ಕೆ ಇಳಿಸಿ. ಮೂಲಕ್ಕಿಂತ ಹೆಚ್ಚಿನ ರೆಸಲ್ಯೂಶನ್‌ಗೆ ಏರಿಸುವುದರಿಂದ ಮಾತ್ರ ಏನೂ ಸಿಗುವುದಿಲ್ಲ, ಗಾತ್ರವಷ್ಟೇ ಬೆಳೆಯುತ್ತದೆ.

ಅನುಕ್ರಮಣಿಕೆ ಎಂದು ಮೊದಲು ಹೇಳಿದ್ದೆ. ಎಂಪಿ4ರಲ್ಲಿ ಅದು ಸಾಮಾನ್ಯವಾಗಿ ಕಡತದ ಕೊನೆಯಲ್ಲಿ ಬರೆಯಲ್ಪಡುತ್ತದೆ, ಏಕೆಂದರೆ ಚಿತ್ರೀಕರಣ ಮುಗಿಯುವವರೆಗೆ ಯಾವ ತುಣುಕು ಎಲ್ಲಿದೆ ಎಂಬುದು ಪೂರ್ತಿಯಾಗಿ ತಿಳಿದಿರುವುದಿಲ್ಲ. ಚಿತ್ರೀಕರಣದ ನಡುವೆ ಬ್ಯಾಟರಿ ಮುಗಿದ ಕ್ಯಾಮೆರಾದ ಕಡತ ಗಿಗಾಬೈಟ್‌ಗಟ್ಟಲೆ ಇದ್ದರೂ ತೆರೆಯದಿರುವುದು ಇದರಿಂದಲೇ: ಸರಕೆಲ್ಲ ಇದೆ, ಅನುಕ್ರಮಣಿಕೆ ಇಲ್ಲ. ಅಂತಹ ಕಡತಕ್ಕೆ ಪರಿವರ್ತನೆ ಮದ್ದಲ್ಲ, ಅದೇ ಕ್ಯಾಮೆರಾದ ಒಂದು ಸರಿಯಾದ ಕಡತವನ್ನು ಮಾದರಿಯಾಗಿಟ್ಟುಕೊಂಡು ಅನುಕ್ರಮಣಿಕೆಯನ್ನು ಮರುಕಟ್ಟುವ ತಂತ್ರಾಂಶಗಳು ಬೇರೆ ಇವೆ. ಸರಿಯಾದ ಕಡತದಲ್ಲಿ ಅನುಕ್ರಮಣಿಕೆಯನ್ನು ಮುಂದಕ್ಕೆ ತಂದಿಟ್ಟರೆ, ಜಾಲದ ಮೂಲಕ ನೋಡುವವರಿಗೆ ಪೂರ್ತಿ ಇಳಿಸಿಕೊಳ್ಳುವ ಮೊದಲೇ ವಿಡಿಯೊ ಓಡಲು ಆರಂಭಿಸುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ‘ವೆಬ್ ಆಪ್ಟಿಮೈಸ್ಡ್’ ಎಂಬ ಗುರುತಿನ ಅರ್ಥ ಇದು.

ಎಡವುವ ಜಾಗಗಳು

ಮೊಬೈಲ್‌ನ ಎಚ್‌ಡಿಆರ್ ವಿಡಿಯೊವನ್ನು ಪರಿವರ್ತಿಸಿದ ಬಳಿಕ ಬಣ್ಣಗಳು ಬೂದಿ ಬಳಿದಂತೆ ಮಂಕಾಗಿ ಕಂಡರೆ, ಹೆಚ್ಚು ಬೆಳಕಿನ ವ್ಯಾಪ್ತಿಗೆಂದು ಬರೆದ ಅಂಕಿಗಳನ್ನು ಸಾಮಾನ್ಯ ಪರದೆಯ ಅಂಕಿಗಳೆಂದು ಓದಲಾಗಿದೆ ಎಂದು ತಿಳಿಯಬೇಕು. ಟೋನ್ ಮ್ಯಾಪಿಂಗ್ ಎಂಬ ಹೊಂದಾಣಿಕೆಯನ್ನು ಪರಿವರ್ತನೆಯ ಹೊತ್ತಿನಲ್ಲೇ ಮಾಡಬೇಕು. ಇನ್ನು ಮೊಬೈಲ್‌ಗಳು ಬೆಳಕು ಕಡಿಮೆಯಾದಾಗ ಸೆಕೆಂಡಿನ ಚಿತ್ರಗಳ ಸಂಖ್ಯೆಯನ್ನು ತಾವೇ ಇಳಿಸಬಲ್ಲವು. ಈ ಏರಿಳಿತವನ್ನು ಕೆಲವು ಸಂಪಾದನಾ ತಂತ್ರಾಂಶಗಳು ಸರಿಯಾಗಿ ಲೆಕ್ಕ ಹಿಡಿಯದೆ, ವಿಡಿಯೊ ಮುಂದುವರಿದಂತೆ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಪರಿವರ್ತಕದಲ್ಲಿ ಸ್ಥಿರ ಫ್ರೇಮ್‌ರೇಟ್ ಆಯ್ದುಕೊಂಡರೆ ಇದು ತಪ್ಪುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ವಿಧಾನದಲ್ಲಿದ್ದರೆ 4 ಗಿಗಾಬೈಟ್ ಮೀರಿದ ಒಂದು ಕಡತವನ್ನು ಅದು ಹಿಡಿಸಿಕೊಳ್ಳುವುದಿಲ್ಲ. ಸೆಕೆಂಡಿಗೆ 8 ಮೆಗಾಬಿಟ್‌ನ ವಿಡಿಯೊ ಒಂದು ಗಂಟೆಗೆ 3.6 ಗಿಗಾಬೈಟ್ ಆಗುತ್ತದೆ ಎಂಬ ಲೆಕ್ಕ ನೆನಪಿದ್ದರೆ ಮೊದಲೇ ಎಚ್ಚರ ವಹಿಸಬಹುದು.

ಹಳೆಯ ಕ್ಯಾಮ್‌ಕಾರ್ಡರ್ ಟೇಪುಗಳಿಂದ ಬಂದ ಕಡತಗಳ ವಿಷಯವನ್ನು ಮಾತ್ರ ನಾನು ಅನುಭವದಿಂದ ಹೇಳಬೇಕು. ಆ ಕಾಲದ ವಿಡಿಯೊದಲ್ಲಿ ಪ್ರತಿ ಚಿತ್ರವೂ ಎರಡು ಅರೆಚಿತ್ರಗಳ ಹೆಣಿಗೆ: ಬೆಸ ಸಂಖ್ಯೆಯ ಗೆರೆಗಳು ಒಂದು ಕ್ಷಣದವು, ಸಮ ಸಂಖ್ಯೆಯ ಗೆರೆಗಳು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅಂತರದಲ್ಲಿ ಹಿಡಿದವು. ಇದನ್ನು ಇಂಟರ್‌ಲೇಸಿಂಗ್ ಎನ್ನುತ್ತಾರೆ. ಇಂದಿನ ಪರದೆಯಲ್ಲಿ ಹಾಗೆಯೇ ತೋರಿಸಿದರೆ ಚಲಿಸುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಮೂಡುತ್ತವೆ. ನಮ್ಮ ಮನೆಯ ಹಿರಿಯರೊಬ್ಬರು ಮಾತನಾಡಿದ ಮುಕ್ಕಾಲು ಗಂಟೆಯ ಅಂತಹ ಒಂದು ವಿಡಿಯೊ, 576 ಗೆರೆಗಳದು, ನನ್ನ ಬಳಿ ಇತ್ತು. ಅರೆಚಿತ್ರಗಳನ್ನು ಬೇರ್ಪಡಿಸುವ ಡಿಇಂಟರ್‌ಲೇಸ್ ಹಂತವನ್ನು ಮಾಡದೆ ನಾನು ಅದನ್ನು 480 ಗೆರೆಗಳಿಗೆ ಕುಗ್ಗಿಸಿದೆ, ಚಿಕ್ಕ ಕಿಟಕಿಯಲ್ಲಿ ನೋಡಿದಾಗ ಸರಿಯಾಗಿಯೇ ಕಂಡಿತು, ಜಾಗ ಉಳಿಸಲೆಂದು ಮೂಲವನ್ನು ಅಳಿಸಿದೆ. ಕುಗ್ಗಿಸುವಾಗ ಬೆಸ ಗೆರೆ ಸಮ ಗೆರೆಗಳು ಒಂದರೊಳಗೊಂದು ಬೆರೆತುಹೋಗಿದ್ದವು. ಬೆರೆತ ಮೇಲೆ ಅವನ್ನು ಬೇರ್ಪಡಿಸುವ ವಿಧಾನವಿಲ್ಲ. ಅವರು ಮಾತಿನ ನಡುವೆ ಕೈ ಎತ್ತಿದಾಗಲೆಲ್ಲ ಎರಡೆರಡು ಕೈಗಳ ನೆರಳು ಕಾಣುತ್ತದೆ, ಇನ್ನು ಮುಂದೆಯೂ ಹಾಗೆಯೇ ಕಾಣುತ್ತದೆ. ಇಂತಹ ಕಡತಗಳಲ್ಲಿ ಮೊದಲು ಡಿಇಂಟರ್‌ಲೇಸ್, ಆಮೇಲೆ ಅಳತೆಯ ಬದಲಾವಣೆ. ಈ ಕ್ರಮ ತಪ್ಪಬಾರದು. ಜೊತೆಗೆ, 720×576ರ ಆ ಚಿತ್ರಗಳ ಪಿಕ್ಸೆಲ್‌ಗಳು ಚೌಕಾಕಾರದವಲ್ಲ. ಪರದೆಯ ಮೇಲೆ ಅದು 4:3 ಅನುಪಾತದಲ್ಲಿ ಕಾಣುವಂತೆ ಹೊಂದಿಸದಿದ್ದರೆ ಮುಖಗಳು ಒಂದಿಷ್ಟು ಕುಗ್ಗಿದಂತೆಯೋ ಹಿಗ್ಗಿದಂತೆಯೋ ಕಾಣುತ್ತವೆ.

ವಿಡಿಯೊ ತೆರೆಯದಿದ್ದಾಗ ‘ಈ ಕೋಡೆಕ್ ಸ್ಥಾಪಿಸಿ’ ಎಂದು ಕೇಳುವ ಪುಟಗಳನ್ನು ನಂಬಬೇಡಿ. ಝ್ಲಾಬ್ ಎಂಬ ಕುತಂತ್ರಾಂಶ ಹರಡಿದ್ದೇ ವಿಡಿಯೊ ಕೋಡೆಕ್‌ನ ವೇಷದಲ್ಲಿ. ಜಾಲತಾಣಕ್ಕೆ ಕಡತ ಏರಿಸಿ ಪರಿವರ್ತಿಸಿಕೊಳ್ಳುವ ಸೇವೆಗಳಲ್ಲಿ ನಿಮ್ಮ ಖಾಸಗಿ ವಿಡಿಯೊ ಪರರ ಯಂತ್ರಕ್ಕೆ ಹೋಗುತ್ತದೆ, ರೀಮಕ್ಸ್ ಸಾಕಾಗಿದ್ದ ಕಡೆಯೂ ಅವು ಮತ್ತೆ ಅಡಕಗೊಳಿಸುವ ಸಾಧ್ಯತೆಯೇ ಹೆಚ್ಚು.

ಪರಿವರ್ತನೆ ಮುಗಿದ ಮೇಲೆ ಹೊಸ ಕಡತವನ್ನು ಆರಂಭದಲ್ಲಿ, ನಡುವೆ, ಕೊನೆಯ ನಿಮಿಷದಲ್ಲಿ, ಪೂರ್ಣ ಪರದೆಯಲ್ಲಿ ನೋಡಿ. ತುಟಿ ಮತ್ತು ಮಾತಿನ ಹೊಂದಿಕೆಯನ್ನು ಕೊನೆಯಲ್ಲೇ ಪರೀಕ್ಷಿಸಿ, ಏಕೆಂದರೆ ಜಾರುತ್ತ ಹೋಗುವ ವ್ಯತ್ಯಾಸ ಆರಂಭದಲ್ಲಿ ಕಾಣುವುದಿಲ್ಲ. ಚಲನೆ ಇರುವ ಒಂದು ದೃಶ್ಯದಲ್ಲಿ ವಿಡಿಯೊವನ್ನು ನಿಲ್ಲಿಸಿ ಅಂಚುಗಳನ್ನು ಗಮನಿಸಿ. ಮೂಲದ ಅವಧಿಯನ್ನೂ ಹೊಸದರ ಅವಧಿಯನ್ನೂ ಮೀಡಿಯಾಇನ್ಫೊದಲ್ಲಿ ಹೋಲಿಸಿ. ಕಡತ ಯಾವ ಯಂತ್ರಕ್ಕೆಂದು ತಯಾರಾಯಿತೋ ಅದೇ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡಿ. ಇಷ್ಟೆಲ್ಲ ಸರಿಯಾಗಿದ್ದರೂ ಮೂಲ ಕಡತವನ್ನು ಅಳಿಸದೆ ಬೇರೊಂದು ಡಿಸ್ಕ್‌ನಲ್ಲಿ ಇಡಿ. ಮುಂದೆ ಇನ್ನೊಂದು ಸ್ವರೂಪ ಬೇಕಾದಾಗ ಪರಿವರ್ತನೆಯನ್ನು ಆ ಮೂಲದಿಂದಲೇ ಆರಂಭಿಸಬೇಕು, ಇಂದು ತಯಾರಿಸಿದ ಪ್ರತಿಯಿಂದಲ್ಲ.